ಬೀಜದ ಪುಡಿಗೆ ಎರಡು ಸಲ ಹೆಸರಿಟ್ಟಿದ್ದು

ಪುಡಿ ತಯಾರಾಗಿತ್ತು, ಡಬ್ಬಿ ತಯಾರಾಗಿತ್ತು, ಹೆಸರೊಂದೇ ಬಾಕಿ ಇತ್ತು. ಮುಂಗಾರು ಬಿತ್ತನೆಗೆ ಎಂಟು ವಾರ ಉಳಿದಿದ್ದಾಗ ನಮ್ಮ ಯಜಮಾನರು ಆ ಕೆಲಸವನ್ನು ನನ್ನ ಟೈಪ್‌ರೈಟರ್ ಪಕ್ಕಕ್ಕೆ ತಂದಿಟ್ಟರು.

"ಕನ್ನಡದಾಗೆ ಬಿ.ಎ. ಮಾಡೀಯಲ್ಲಮ್ಮ. ಒಂದೈವತ್ತು ಹೆಸರು ಬರಿ. ಸೋಮವಾರ ಕುಂತು ನೋಡಾಣ."

ಅದು ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಿಂದ ದಾವಣಗೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದ ಮೇಲೆ ಸಿಗುವ ಒಂದು ಶೆಡ್ಡು ನಮ್ಮ ಕಂಪನಿ. ಮುಂದೆ ಎರಡು ಕೋಣೆಯ ಆಫೀಸು, ಹಿಂದೆ ಗೋಡೌನು. ಅಲ್ಲಿಯವರೆಗೆ ಬೇರೆಯವರ ಔಷಧಿ, ಗೊಬ್ಬರ ತಂದು ಮಾರುತ್ತಿದ್ದ ಯಜಮಾನರು ಮೊದಲ ಬಾರಿಗೆ ಸ್ವಂತದ ಸರಕೊಂದನ್ನು ಮಾಡಿಸಿದ್ದರು. ಕಡಲೆಕಾಯಿ ಮತ್ತು ಜೋಳದ ಬಿತ್ತನೆ ಬೀಜಕ್ಕೆ ಹಚ್ಚುವ ಪುಡಿ. ಬೀಜ ಮಣ್ಣಿನಲ್ಲಿ ಕೊಳೆಯದಂತೆ ಕಾಯುವುದು ಅದರ ಕೆಲಸ. ಬಳಪದ ಕಲ್ಲಿನ ನುಣ್ಣನೆ ಪುಡಿಗೆ ಪಾದರಸದ ಸಂಯುಕ್ತವನ್ನು ಅಳತೆಯಲ್ಲಿ ಸೇರಿಸಿ, ಗುರುತಿಗೆಂದು ತಿಳಿಗೆಂಪು ಬಣ್ಣ ಹಾಕಿ, ಮುಚ್ಚಿದ ಡ್ರಮ್ಮಿನಲ್ಲಿ ತಿರುಗಿಸುತ್ತಿದ್ದರು. ತಿರುಗಿಸುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕೆಲಸ ಬಿಟ್ಟು ಹೋಗುವಾಗ ಸೋಪು ಹಚ್ಚಿ ಮೊಣಕೈವರೆಗೆ ತೊಳೆಯಬೇಕು ಎಂದು ನಮ್ಮ ಕೆಮಿಸ್ಟ್ ಗೋಡೆಯ ಮೇಲೆ ಬರೆಸಿದ್ದರು. ಅದನ್ನು ಟೈಪ್ ಮಾಡಿ ಕೊಟ್ಟವಳು ನಾನೇ. ಅಂದರೆ ಅದು ವಿಷ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಹೆಸರಿಗೆ ಯಜಮಾನರ ಷರತ್ತುಗಳಿದ್ದವು. ಮೂರು ಅಕ್ಷರ ಮೀರಬಾರದು. ಗೋಡೆಗೆ ಸುಣ್ಣ ಬಳಿದು ನೀಲಿಯಲ್ಲಿ ಬರೆದರೆ ಬಸ್ಸಿನಲ್ಲಿ ಕೂತವನಿಗೆ ಕಾಣಬೇಕು. ಓದು ಬಾರದವನೂ ಅಂಗಡಿಗೆ ಹೋಗಿ ತೊದಲದೆ ಕೇಳಬೇಕು. ಬೇರೆ ಯಾರೂ ನೋಂದಾಯಿಸಿರಬಾರದು. ಇಷ್ಟರ ಮೇಲೆ, ಅವರ ಜೋಯಿಸರು 'ಸ'ಕಾರದಿಂದ ಶುರುವಾದರೆ ಒಳ್ಳೆಯದು ಎಂದಿದ್ದರು.

ಸೋಮವಾರ ನಾನು ನಲವತ್ತೆಂಟು ಹೆಸರು ಓದಿದೆ. ಆಂಧ್ರದ ಗಡಿಯಿಂದ ಬಂದಿದ್ದ ಕೆಮಿಸ್ಟ್ ಇಂಗ್ಲಿಷ್ ಬಾಲ ಹಚ್ಚಿದ ಉದ್ದನೆಯ ಹೆಸರೊಂದನ್ನು ಹೇಳಿದರು. ಮಾರಾಟಕ್ಕೆ ಊರೂರು ತಿರುಗುವ ನಮ್ಮ ಪ್ರತಿನಿಧಿ ಅದನ್ನು ಎರಡು ಸಲ ಉಚ್ಚರಿಸಲು ನೋಡಿ ಕೈಬಿಟ್ಟರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಹೊಳಲ್ಕೆರೆ ಕಡೆಯವರು, ನಲವತ್ತು ದಾಟಿತ್ತು, ನಾಲ್ಕು ತಾಲೂಕಿನ ಎಲ್ಲ ಅಂಗಡಿಯವರಿಗೂ ಬೇಕಾದವರು. ನನ್ನ ಪಟ್ಟಿಯಲ್ಲಿ 'ಸಂಜೀವಿನಿ' ಎಲ್ಲರಿಗೂ ಹಿಡಿಸಿತು. ಅಕ್ಷರ ನಾಲ್ಕಾದರೂ ಪರವಾಗಿಲ್ಲ ಎಂದು ಯಜಮಾನರು ಹೆಸರು ನೋಂದಾಯಿಸುವ ಬೆಂಗಳೂರಿನ ಏಜೆಂಟರಿಗೆ ಬರೆಸಿದರು. ಹತ್ತು ದಿನದ ಮೇಲೆ ತಂತಿ ಬಂತು. ಆ ಹೆಸರು ಬೇರೆಯವರ ಟಾನಿಕ್ಕಿಗೆ ಹೋಗಿಯಾಗಿತ್ತು.

ಉಳಿದ ಆರು ವಾರ ಲೆಕ್ಕ ಹಾಕುತ್ತ ಯಜಮಾನರು ನನ್ನ ಮೇಜಿನ ಮುಂದೆಯೇ ಓಡಾಡತೊಡಗಿದರು. ಹೆಸರು ಗೊತ್ತುಮಾಡದೆ ಲೇಬಲ್ ಇಲ್ಲ, ಲೇಬಲ್ ಇಲ್ಲದೆ ಕೃಷಿ ಇಲಾಖೆಗೆ ಅರ್ಜಿ ಇಲ್ಲ, ಇಲಾಖೆ ಒಪ್ಪದೆ ಮಾರಾಟಕ್ಕೆಂದು ಒಂದು ಡಬ್ಬಿಯೂ ಗೋಡೌನಿನ ಬಾಗಿಲು ದಾಟುವಂತಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದಾಗ ನನಗೆ ಆ ಮಾತು ಹೊಳೆಯಿತು. ಕೈ ತೊಳೆಯದೆ ಹೋಗಿ ಹೇಳಿದೆ.

"ಸುಗ್ಗಿ."

ಯಜಮಾನರು "ಸುಗ್ಗಿ, ಸುಗ್ಗಿ" ಎಂದು ಎರಡು ಸಲ ಅಂದರು. "ಎರಡೇ ಅಕ್ಷರ. ಆತು ಬಿಡು."

ಈ ಸಲ ಏಜೆಂಟರ ತಂತಿ ಬೇಗ ಬಂತು. ಹೆಸರು ಖಾಲಿ ಇತ್ತು.

ಲೇಬಲ್ಲಿನ ಚಿತ್ರಕ್ಕೆ ದಾವಣಗೆರೆಯಲ್ಲಿ ಅಚ್ಚಿನ ಬ್ಲಾಕ್ ಮಾಡಿಸಿದ್ದಾಯಿತು. ರಾಶಿಯ ಮುಂದೆ ನಗುತ್ತ ಕೂತ ಹೆಂಗಸು, ಅವಳ ತಲೆಯ ಮೇಲೆ ದಪ್ಪಕ್ಷರದಲ್ಲಿ ಸುಗ್ಗಿ. ಕಾಯಿದೆ ಕೇಳುವ ತಲೆಬುರುಡೆ, ಅಡ್ಡ ಮೂಳೆ, ವಿಷ ಎಂಬ ಮಾತು ಎಲ್ಲ ಇದ್ದವು. ಆದರೆ ಹಿಂಬದಿಗೆ, ಬಳಸುವ ಕ್ರಮದ ಸಣ್ಣ ಅಕ್ಷರಗಳ ಪಕ್ಕಕ್ಕೆ. ಇಲಾಖೆಗೆ ಕಳಿಸುವ ಮೊದಲು ಹೆಸರನ್ನು ಊರುಗಳಲ್ಲಿ ಕೇಳಿಸಿ ನೋಡುವುದೆಂದು ತೀರ್ಮಾನವಾಯಿತು. ಬೀಜ ತೆಗೆದಿಡುವವರು ಮನೆಯ ಹೆಂಗಸರು, ಅವರನ್ನು ಮಾತಾಡಿಸಲು ಹೆಂಗಸೇ ಬೇಕು ಎಂದು ಯಜಮಾನರು ನನ್ನನ್ನೂ ಜೀಪಿನಲ್ಲಿ ಕಳಿಸಿದರು.

ಕೆಮಿಸ್ಟ್ ಮೂವತ್ತು ಡಬ್ಬಿ ಕೊಟ್ಟರು. ತಳದಲ್ಲಿ ಮೊಳೆಯಿಂದ ನಂಬರು ಗೀರಿದ್ದರು. ಇಪ್ಪತ್ತರವರೆಗಿನವು ಬರೀ ಕಲ್ಲಿನ ಪುಡಿ ಮತ್ತು ಬಣ್ಣ, ಅಂಗಡಿಯಲ್ಲೂ ಮನೆಯಲ್ಲೂ ತೋರಿಸಿ ಬಿಟ್ಟುಬರಲಿಕ್ಕೆ. ಇಪ್ಪತ್ತೊಂದರಿಂದ ಮೇಲಿನವು ನಿಜವಾದ ಪುಡಿ, ಪರೀಕ್ಷೆಗೆ ಒಪ್ಪಿದ ರೈತರಿಗೆ ಮಾತ್ರ. ಪಟ್ಟಿ ಟೈಪ್ ಮಾಡಿ ಒಂದು ಪ್ರತಿ ನನ್ನ ಚೀಲದಲ್ಲಿಟ್ಟುಕೊಂಡೆ.

ಹಿರಿಯೂರಿನ ಅಂಗಡಿಯವರು ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ, "ಬಾಯಿಗೆ ಸಲೀಸಾಗಿ ಬರ್ತೈತೆ. ಇದು ಓಡ್ತೈತೆ ಬಿಡ್ರಿ" ಎಂದರು. ರಾಮಗಿರಿಯಲ್ಲಿ, ಹೊಳಲ್ಕೆರೆಯಲ್ಲಿ ಅದೇ ಮಾತು. ಹೆಂಗಸರನ್ನು ಕೇಳುವ ಕ್ರಮವನ್ನು ನಾನೇ ಮಾಡಿಕೊಂಡಿದ್ದೆ. ಸರಕು ಏನೆಂದು ಮೊದಲು ಹೇಳಬಾರದು, ಹೆಸರು ಮಾತ್ರ ಹೇಳಬೇಕು, ಕೇಳಿದ ಕೂಡಲೆ ಮನಸ್ಸಿಗೆ ಏನು ಬಂತೆಂದು ಬರೆದುಕೊಳ್ಳಬೇಕು.

"ಹೊಟ್ಟೆ ತುಂಬಿದಂಗೆ ಆಗ್ತೈತೆ ನೋಡ್ರಿ" ಎಂದರು ಒಬ್ಬರು. ಹೊಸದುರ್ಗ ತಾಲೂಕಿನ ಮಾಡದಕೆರೆಯಲ್ಲಿ ಒಬ್ಬ ಮುದುಕಿ, "ಬೆಲ್ಲ ಹಾಕಿ ಉಂಡೆ ಕಟ್ಟಿದಂಗೆ ಐತವ್ವ" ಎಂದಳು. ಆ ಮಾತಿನ ಕೆಳಗೆ ಸಂತೋಷದಿಂದ ಎರಡು ಗೆರೆ ಎಳೆದೆ.

ಮಾಡದಕೆರೆಯಲ್ಲಿ ಆರು ಡಬ್ಬಿ ಕೊಡಬೇಕಿತ್ತು. ಎರಡು ನಿಜವಾದವು, ನಾಲ್ಕು ತೋರಿಕೆಯವು. ನಾನು ಮುದುಕಿಯ ಮನೆಯೊಳಗಿದ್ದೆ. ಅಣ್ಣ ಹೊರಗೆ ಒಂದು ಜಗಲಿಯ ಮೇಲೆ ಪೆಟ್ಟಿಗೆ ಇಳಿಸಿ ಗಂಡಸರಿಗೆ ಬಳಸುವ ಕ್ರಮ ಹೇಳುತ್ತಿದ್ದರು. ಬೀಜವನ್ನು ಮಡಕೆಗೆ ಹಾಕಿ, ಪುಡಿ ಸೇರಿಸಿ, ಬಾಯಿ ಕಟ್ಟಿ ಕುಲುಕಬೇಕು, ತಿನ್ನಬಾರದು, ದನಕ್ಕೂ ಹಾಕಬಾರದು. ಅವರು ಸರಿಯಾಗಿಯೇ ಹೇಳಿದರು. ಅಷ್ಟರಲ್ಲಿ ಗುಂಪು ಸೇರಿತು, ಆ ಮಾತು ಕೇಳದವರೂ ಪುಕ್ಕಟೆ ಡಬ್ಬಿ ಎಂದು ಕೈ ಚಾಚಿದರು. ಯಾವ ನಂಬರು ಯಾರ ಮನೆಗೆ ಹೋಯಿತೆಂದು ಬರೆದುಕೊಳ್ಳುವ ಮೊದಲೇ ಪೆಟ್ಟಿಗೆ ಖಾಲಿಯಾಗಿತ್ತು. ಜೀಪು ಬಸ್ಸಿನ ರಸ್ತೆಗೆ ಬಂದ ಮೇಲೆ ಅಣ್ಣ ಅದನ್ನು ನನಗೆ ಹೇಳಿದರು. ಮುಂದಿನ ವಾರ ಬಂದಾಗ ಸರಿ ಮಾಡಿಕೊಳ್ಳೋಣ ಎಂದುಕೊಂಡೆವು.

ಎಂಟು ದಿನದ ಮೇಲೆ ಮತ್ತೆ ಹೋದೆವು. ಮೊದಲ ಮನೆಯಲ್ಲಿ ಡಬ್ಬಿ ಕೇಳಿದೆ. ಮನೆಯಾಕೆ ಅಡುಗೆಮನೆಯ ಗೂಡಿನಿಂದ, ಉಪ್ಪಿನ ಗಡಿಗೆಗೂ ಖಾರದಪುಡಿಗೂ ನಡುವೆ ಇಟ್ಟಿದ್ದನ್ನು ತಂದು ಕೈಗೆ ಕೊಟ್ಟಳು. ತಳ ನೋಡಿದೆ, ಒಂಬತ್ತು. ತೋರಿಕೆಯದು.

"ಒಲೆ ಹತ್ರ ಯಾಕಮ್ಮ ಇಟ್ಟಿದ್ರಿ?"

"ಇನ್ನೆಲ್ಲಿ ಇಡಾಣ? ಹಿಟ್ಟಲ್ವ? ಬಾಲವಾಡೀಲಿ ಬಸುರೇರಿಗೆ ಕೊಡ್ತಾರಲ್ಲ, ಅಂಥದೇ ಅಂತ ನಮ್ಮೋರು ತಂದುಕೊಟ್ರು. ಸುಗ್ಗಿ ಹಿಟ್ಟು."

"ಯಾರಾದ್ರೂ ತಿಂದ್ರಾ?"

"ನಾವಿನ್ನೂ ಇಲ್ಲ. ಪಕ್ಕದ ಮನೇಲಿ ಮಗಳು ಬಾಣಂತಿ. ಮೂರು ದಿನದಿಂದ ಹಾಲಿಗೆ ಹಾಕಿ ಕೊಡ್ತಾ ಅವ್ರೆ."

ನಾನು ಹೊಸಿಲು ದಾಟಿದ್ದು ನೆನಪಿಲ್ಲ. ಪಕ್ಕದ ಮನೆಯ ಬಾಣಂತಿ ಕೋಣೆಯ ಕತ್ತಲಲ್ಲಿ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಅವಳ ತಾಯಿ ನನ್ನನ್ನು ನೋಡಿ ನಗುತ್ತ, "ಬರ್ರಿ, ಕುಂತ್ಕಳ್ರಿ" ಎಂದರು. ಒಲೆಯ ಪಕ್ಕದಲ್ಲಿ ಡಬ್ಬಿ ಇತ್ತು, ಅದರೊಳಗೆ ಚಮಚ. ತಳಕ್ಕೆ ಮಸಿ, ಎಣ್ಣೆ ಅಂಟಿ ಕರಿ ಕಟ್ಟಿತ್ತು. ನಂಬರು ಕಾಣಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಣ್ಣನಿಗೆ ಹೇಳಿದೆ. ಅವರು ಒಳಗೆ ಬಂದು ಆ ತಾಯಿಗೆ ಹೇಳಿದರು.

"ಅಮ್ಮ, ಮಗಳನ್ನ ಎಬ್ಬಿಸ್ರಿ. ಆಸ್ಪತ್ರೆಗೆ ಹೋಗಾಣ. ಈಗಲೇ."

"ಯಾಕ್ರಿ? ಚೆನ್ನಾಗೇ ಅವಳೆ."

"ಅದು ತಿನ್ನೋದಲ್ಲಮ್ಮ. ಬೀಜಕ್ಕೆ ಹಚ್ಚೋದು."

ಜೀಪಿನ ಹಿಂದೆ ತಾಯಿ, ಮಗಳು, ಕೂಸು. ಮುಂದೆ ನಾನು, ಮಡಿಲಲ್ಲಿ ಬೋರಲು ಹಾಕಿದ ಡಬ್ಬಿ. ಹೊಸದುರ್ಗದ ರಸ್ತೆಯ ಗುಂಡಿಗಳಲ್ಲಿ ಜೀಪು ಎತ್ತಿ ಹಾಕುತ್ತಿತ್ತು. ಸೆರಗಿನ ತುದಿಗೆ ಉಗುಳು ಹಚ್ಚಿ ತಳ ಉಜ್ಜಿದೆ. ಮಸಿ ಹರಡಿತೇ ಹೊರತು ಹೋಗಲಿಲ್ಲ. ನನ್ನ ತಲೆಪಿನ್ನು ತೆಗೆದು ಕೆರೆಯತೊಡಗಿದೆ. ಹಿಂದಿನಿಂದ ಆ ತಾಯಿ ಒಂದೇ ಸಮನೆ ಕೇಳುತ್ತಿದ್ದರು. "ಏನೂ ಆಗಲ್ಲ ಅಲ್ವೇನ್ರಿ? ಒಂದೊಂದೇ ಚಮಚ ಹಾಕಿದ್ದು."

ಕಪ್ಪಿನ ಒಳಗಿಂದ ಒಂದು ಗೀರು ಕಂಡಿತು. ಎರಡು ಎಂಬ ಅಂಕಿ.

ಇಪ್ಪತ್ತರ ಮೇಲಿನವೆಲ್ಲ ನಿಜವಾದ ಡಬ್ಬಿಗಳು. ಈ ಎರಡರ ಬಲಗಡೆ ಇನ್ನೊಂದು ಅಂಕಿ ಇರಬಹುದು. ಕೆರೆದೆ. ಇಲ್ಲ. ತಗಡು ಮಿನುಗುವವರೆಗೆ ಕೆರೆದೆ, ಏನೂ ಇಲ್ಲ. ಜೀಪು ಓಡಿಸುತ್ತಿದ್ದ ಅಣ್ಣ ರಸ್ತೆಯಿಂದ ಕಣ್ಣು ತೆಗೆಯದೆ, "ಎಷ್ಟು ತಂಗಿ?" ಎಂದರು. ಎಡಗಡೆ ಕೆರೆದೆ. ಅಂಚಿಗೆ ಒತ್ತಿಕೊಂಡು ಒಂದು ನೆಟ್ಟನೆಯ ಗೀರು ಎದ್ದಿತು. ಒಂದು. ಹನ್ನೆರಡು.

"ಹನ್ನೆರಡು ಅಣ್ಣ. ತೋರಿಕೇದು."

ಅವರು ಜೀಪು ನಿಲ್ಲಿಸಲಿಲ್ಲ. "ಇರ್ಲಿ. ಡಾಕ್ಟ್ರು ನೋಡ್ಲಿ" ಎಂದಷ್ಟೇ ಅಂದರು.

ಆಸ್ಪತ್ರೆಯಲ್ಲಿ ವೈದ್ಯರು ತಾಯಿಯನ್ನೂ ಕೂಸನ್ನೂ ನಿಧಾನವಾಗಿ ಪರೀಕ್ಷಿಸಿದರು. ಚಿತ್ರದುರ್ಗಕ್ಕೆ ಟ್ರಂಕಾಲ್ ಮಾಡಿಸಿ, ಹನ್ನೆರಡರಲ್ಲಿ ಏನಿತ್ತೆಂದು ಕೆಮಿಸ್ಟರ ಬಾಯಿಂದಲೇ ಕೇಳಿದರು. ಕಲ್ಲಿನ ಪುಡಿ, ಬಣ್ಣ, ಅಷ್ಟೆ. ಸಂಜೆಯವರೆಗೆ ಇಟ್ಟುಕೊಂಡು ಕಳಿಸುತ್ತೇನೆ ಎಂದ ಅವರು, ಡಬ್ಬಿಯ ಮುಂಬದಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು. "ಇದನ್ನ ನೋಡಿದ್ರೆ ನೀವಾಗಿದ್ರೂ ಏನಂದ್ಕೊಂತಿದ್ರಿ?"

ನಿಜವಾದ ಎರಡು ಡಬ್ಬಿ ಇನ್ನೂ ಊರಿನಲ್ಲಿದ್ದವು.

ಮತ್ತೆ ಮಾಡದಕೆರೆಗೆ ಓಡಿದೆವು. ಇಪ್ಪತ್ತನಾಲ್ಕು ಸರಿಯಾದ ರೈತನ ಕೊಟ್ಟಿಗೆಯಲ್ಲಿ, ಬಿಚ್ಚದೆ ಸಿಕ್ಕಿತು. ಇನ್ನೊಂದಕ್ಕಾಗಿ ಮನೆ ಮನೆ ತಿರುಗಿದೆವು. ಕೊನೆಗೆ ಊರಿನಾಚೆ ತುದಿಯ ಒಂದು ಮನೆಯಲ್ಲಿ, ರಾಗಿಹಿಟ್ಟಿನ ಡಬ್ಬದ ಮೇಲೆ ಕೂತಿತ್ತು. ಮುಚ್ಚಳ ಸಡಿಲವಾಗಿತ್ತು. ತಳ ಸ್ವಚ್ಛವಾಗಿತ್ತು, ಇಪ್ಪತ್ತೇಳು ಎಂದು ದೂರದಿಂದಲೇ ಓದಬಹುದಿತ್ತು.

ಆ ಮನೆಯ ಹೆಂಗಸು ನಾವು ಡಬ್ಬಿ ವಾಪಸ್ಸು ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡಳು. "ವಾಸನೆ ನೋಡಿ ಇಟ್ಟಿದ್ದೆ. ನಾಳೆ ಸೋಮವಾರ ಅಲ್ವ, ಒಳ್ಳೆ ದಿನ, ನಾಳೆಯಿಂದ ಹುಡುಗ್ರಿಗೆ ಗಂಜೀಲಿ ಹಾಕಾಣ ಅಂತಿದ್ದೆ" ಎಂದಳು. ಅವಳ ಮೂರು ಮಕ್ಕಳು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದವು. ಹಿಂಬದಿಯ ತಲೆಬುರುಡೆ ತೋರಿಸಿದೆ. "ಅದು ಗೋಡೆ ಕಡೆ ಇತ್ತು. ನಾನು ನೋಡಿಲ್ಲ" ಎಂದಳು. ಅವಳ ಕೈಗೆ ಸೋಪು ಹಚ್ಚಿಸಿ ತೊಳೆಸಿದೆವು. ಆ ಡಬ್ಬದ ರಾಗಿಹಿಟ್ಟನ್ನು ಅಣ್ಣ ಕೇಳಿ ಪಡೆದು, ದೂರ ಹೋಗಿ ಗುಂಡಿ ತೋಡಿ ಹೂತರು.

ವಾಪಸ್ಸು ಬರುವಾಗ ಜೀಪಿನಲ್ಲಿ ನನ್ನ ನೋಟ್‌ಬುಕ್ ತೆಗೆದೆ. ಹೊಟ್ಟೆ ತುಂಬಿದಂಗೆ. ಬೆಲ್ಲ ಹಾಕಿ ಉಂಡೆ ಕಟ್ಟಿದಂಗೆ. ಮೊದಲ ದಿನವೇ ಅವರು ನನಗೆ ಎಲ್ಲ ಹೇಳಿದ್ದರು. ಅಣ್ಣ ಹೇಳಿದ ಎಚ್ಚರಿಕೆ ಜಗಲಿಯ ಮೇಲೇ ಉಳಿದಿತ್ತು. ಲೇಬಲ್ ಓದುವವರು ಅಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯೊಳಗೆ ಹೋಗಿದ್ದು ನಾನಿಟ್ಟ ಎರಡಕ್ಷರ ಮಾತ್ರ.

ಯಜಮಾನರು ಎಲ್ಲ ಕೇಳಿದರು. ಮುಖ ಒರೆಸಿಕೊಂಡರು. "ದೇವರು ದೊಡ್ಡೋನು" ಎಂದರು. ಆಮೇಲೆ ಇಲಾಖೆಯ ಅರ್ಜಿಯನ್ನು ನನ್ನ ಮುಂದಿಟ್ಟರು. ಬಿತ್ತನೆಗೆ ಮೂರು ವಾರ ಉಳಿದಿತ್ತು. ಲೇಬಲ್ಲಿನ ಕಟ್ಟುಗಳು ಬಂದು ಬಿದ್ದಿದ್ದವು. ಭರಮಸಾಗರದಲ್ಲಿ ರಸ್ತೆ ಪಕ್ಕದ ಗೋಡೆಗೆ ಹೆಸರು ಬರೆಸಿಯೂ ಆಗಿತ್ತು.

"ಇನ್ಮೇಲೆ ಹೆಂಗಸರಿಗೂ ತಿಳಿಸಿ ಹೇಳಾಣ. ತಲೆಬುರುಡೆ ದೊಡ್ಡದು ಮಾಡಾಣ. ಹೆಸರೇನು ಮಾಡ್ತು? ಟೈಪ್ ಮಾಡಮ್ಮ."

ಕಾಗದ ಏರಿಸಿದೆ. ಸರಕಿನ ಹೆಸರು ಎಂಬಲ್ಲಿಯವರೆಗೆ ಹೊಡೆದೆ. ಅಲ್ಲಿ ಕೈ ಮುಂದೆ ಹೋಗಲಿಲ್ಲ. ಮನೆಯಲ್ಲಿ ನನ್ನ ಸಂಬಳ ನಂಬಿಕೊಂಡಿದ್ದ ತಾಯಿ, ತಂಗಿ ಇದ್ದರು. ಊರಿನಲ್ಲಿ ಕನ್ನಡ ಟೈಪಿಸ್ಟಿಗೆ ಇನ್ನೊಂದು ಕೆಲಸ ಸಿಗುವುದು ಸುಲಭವಿರಲಿಲ್ಲ. ಅದೆಲ್ಲ ಗೊತ್ತಿದ್ದೇ ಕಾಗದವನ್ನು ಹಿಂದಕ್ಕೆ ಎಳೆದು ತೆಗೆದೆ.

"ಈ ಹೆಸರು ನಾನು ಟೈಪ್ ಮಾಡಲ್ಲ ಯಜಮಾನ್ರೆ. ಇಟ್ಟೋಳು ನಾನು. ನಾನೇ ವಾಪಸ್ ತಗೊಂತೀನಿ."

"ಅದು ಈಗ ನಿಂದಲ್ಲಮ್ಮ. ಕಂಪನಿದು."

"ಹಂಗಾದ್ರೆ ಬೇರೆಯೋರ ಕೈಲಿ ಮಾಡಿಸ್ರಿ. ಅದಕ್ಕೂ ಮುಂಚೆ ಒಂದು ಸಲ ಮಾಡದಕೆರೆಗೆ ಬರ್ರಿ. ಬಂದು ನೋಡಿ, ಆಮೇಲೂ ಅದೇ ಇರ್ಲಿ ಅಂದ್ರೆ ನಾನು ಕೆಲಸ ಬಿಡ್ತೀನಿ."

ಅವರು ಅಣ್ಣನ ಕಡೆ ನೋಡಿದರು, ನನ್ನನ್ನು ಗದರಲಿ ಎಂದು. ಅಣ್ಣ ನೆಲ ನೋಡುತ್ತಲೇ, "ಜೀಪು ತೆಗೀಲಾ ಯಜಮಾನ್ರೆ?" ಎಂದರು.

ಮರುದಿನ ಯಜಮಾನರು ಬಿಳಿ ಪಂಚೆ, ಹಣೆಗೆ ವಿಭೂತಿ ಧರಿಸಿ ಮಾಡದಕೆರೆಯಲ್ಲಿ ಇಳಿದರು. ಬಾಣಂತಿಯ ಮನೆಗೆ ಹೋಗಿ ಕೈಮುಗಿದರು. ಅವರನ್ನು ಅಲ್ಲಿಗೆ ಕರೆತಂದಿದ್ದು ಆ ತಾಯಿಯ ಮಾತು ಕೇಳಲಿ ಎಂದು. ಆದರೆ ಅವರನ್ನು ಅಲ್ಲಾಡಿಸಿದ್ದು ಬೇರೆಯೇ. ಜೀಪು ಹತ್ತುವಾಗ ಇನ್ನೊಂದು ಕೇರಿಯಿಂದ ಇಬ್ಬರು ಹೆಂಗಸರು ಬಂದರು. ಒಬ್ಬಳ ಸೊಂಟದ ಮೇಲೆ ಮಗು. ಆಸ್ಪತ್ರೆಯ ಸುದ್ದಿ ಅವರಿಗೆ ಮುಟ್ಟಿರಲಿಲ್ಲ, ಡಬ್ಬಿಯ ಸುದ್ದಿ ಮುಟ್ಟಿತ್ತು.

"ಸುಗ್ಗಿ ಹಿಟ್ಟು ಕೊಡೋರು ನೀವೇನ್ರಿ? ನಮ್ ಕೇರಿಗೆ ಬರ್ಲೇ ಇಲ್ಲ. ಈ ಕೂಸಿಗೆ ಮೈ ಹತ್ತಾ ಇಲ್ಲ. ಒಂದು ಡಬ್ಬಿ ಇದ್ರೆ ನೋಡ್ರಿ."

ಯಜಮಾನರು ಮಗುವಿನ ಮುಖ ನೋಡಿದರು. ನಾನೇ ಇಳಿದು ಆ ಕೇರಿಯಲ್ಲೆಲ್ಲ ಸುತ್ತಿ, ಅದು ವಿಷ ಎಂದು ಹೇಳಿ ಬಂದೆ. ಚಿತ್ರದುರ್ಗದಲ್ಲಿ ಇಳಿಯುವಾಗ ಯಜಮಾನರು, "ಬೇರೆ ನೋಡ್ರಿ. ನಾಲ್ಕು ದಿನ ಟೈಮು" ಎಂದರು.

ಈ ಸಲ ಪಟ್ಟಿ ಬರೆಯಲಿಲ್ಲ. ಊರುಗಳಿಗೆ ಹೋಗಿ ಬೇರೆ ಪ್ರಶ್ನೆ ಕೇಳಿದೆ. ಮಗು ಒಂದು ವಸ್ತು ಮುಟ್ಟಬಾರದು ಅಂದ್ರೆ ಏನಂತ ಹೆದರಿಸ್ತೀರಿ? ಗುಮ್ಮ ಎಂದರು ಕೆಲವರು. ಗುಮ್ಮನಿಗೆ ದೊಡ್ಡವರು ಹೆದರುವುದಿಲ್ಲ. ಅಣ್ಣ ಯಮ ಎಂದರೆ ಹೇಗೆ ಅಂದರು. ಯಮನ ಹೆಸರಿನ ಡಬ್ಬಿಯನ್ನು ಬೀಜದ ಹತ್ತಿರ ಯಾರೂ ಬಿಡುವುದಿಲ್ಲ. ಎರಡನೆಯ ದಿನ ರಾಮಗಿರಿಯಲ್ಲಿ ಕಲ್ಲಿನ ಕಣದ ಬದಿ ಕಾಯಿ ಸುಲಿಯುತ್ತಿದ್ದ ಹೆಂಗಸರನ್ನು ಕೇಳಿದೆ.

"ಚೇಳು ಐತೆ ಅಂತೀವಿ" ಎಂದಳು ಒಬ್ಬಳು, ತಲೆ ಎತ್ತದೆ. "ದಿನಾ ಒಂದು ಕಲ್ಲಿನ ಕೆಳಗೆ ಇದ್ದೇ ಇರ್ತೈತಲ್ಲ."

"ಚೇಳು ಅಂತ ಒಂದು ಡಬ್ಬಿ ಕೊಟ್ರೆ ಎಲ್ಲಿ ಇಡ್ತೀರಿ?"

"ಮನೆ ಒಳಗೆ ಯಾಕೆ ಇಡಾಣ?"

ಕಿವಿಗೆ ಬಿದ್ದರೆ ಸಾಕು, ಕೈ ಹಿಂದೆ ಸರಿಯುತ್ತದೆ. ಚಿತ್ರ ಬರೆದರೆ ಓದು ಬಾರದವರಿಗೂ ತಿಳಿಯುತ್ತದೆ. ಹೊಳಲ್ಕೆರೆಯಲ್ಲಿ ಇಪ್ಪತ್ತು ಮನೆ ಕೇಳಿದೆ. ಅಡುಗೆಮನೆಯಲ್ಲಿ ಇಡುತ್ತೇವೆ ಎಂದವರು ಒಬ್ಬರೂ ಇಲ್ಲ. ಹಿರಿಯೂರಿನ ಅಂಗಡಿಯವರು ಮಾತ್ರ ತಲೆ ಕೊಡವಿದರು. "ಬೆಳಗ್ಗೆ ಬೋಣಿ ಹೊತ್ತಿಗೆ ಒಂದು ಚೇಳು ಕೊಡ್ರಿ ಅಂತ ಯಾರು ಕೇಳ್ತಾರಮ್ಮ?"

ಆಫೀಸಿನಲ್ಲಿ ಹೇಳಿದಾಗ ಕೆಮಿಸ್ಟ್ ನಕ್ಕರು, ಆಮೇಲೆ ನಗು ನಿಲ್ಲಿಸಿ ಡಬ್ಬಿಯನ್ನು ಕೈಗೆತ್ತಿಕೊಂಡರು. ಯಜಮಾನರು ಕಿಟಕಿಯ ಹತ್ತಿರ ಹೋಗಿ ಬಂದು ಕೂತರು. ಮೊದಲ ಸ್ವಂತ ಸರಕು, ಅದಕ್ಕೆ ಚೇಳು ಎಂಬ ಹೆಸರು. ಜೋಯಿಸರ ಅಕ್ಷರವೂ ಅಲ್ಲ. ಅವರ ಮನಸ್ಸಿನಲ್ಲಿ ಏನು ನಡೆಯಿತೋ ನನಗೆ ಗೊತ್ತಿಲ್ಲ. ಕೊನೆಗೆ ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡು, ಸರಕಿನ ಹೆಸರು ಎಂಬಲ್ಲಿ ತಾವೇ ಪೆನ್ನಿನಿಂದ ಬರೆದು ನನಗೆ ಕೊಟ್ಟರು. "ಈಗ ಟೈಪ್ ಮಾಡ್ತೀಯಲ್ಲ?"

ಏಜೆಂಟರಿಗೆ ತಂತಿ ಕೊಟ್ಟೆವು. ಆ ಹೆಸರನ್ನು ಯಾರೂ ಕೇಳಿರಲಿಲ್ಲ. ಹಳೆಯ ಲೇಬಲ್ಲುಗಳನ್ನು ಗೋಡೌನಿನ ಹಿಂದೆ ಸುಟ್ಟರು. ಭರಮಸಾಗರದ ಗೋಡೆಗೆ ಸುಣ್ಣ ಬಳಿಸಿದರು. ಹೊಸ ಲೇಬಲ್ಲಿನ ಮುಂಬದಿಯಲ್ಲಿ ಕೊಂಡಿ ಎತ್ತಿದ ಕೆಂಪು ಚೇಳು, ಅದರ ಪಕ್ಕದಲ್ಲೇ ಅಷ್ಟೇ ದೊಡ್ಡ ತಲೆಬುರುಡೆ. ಒಪ್ಪಿಗೆ ಬರುವ ಹೊತ್ತಿಗೆ ಹಿರಿಯೂರು ಕಡೆ ಅರ್ಧ ಬಿತ್ತನೆ ಮುಗಿದಿತ್ತು. ಆ ವರ್ಷ ಬಹಳ ಡಬ್ಬಿಗಳು ಗೋಡೌನಿನಲ್ಲೇ ಉಳಿದವು. ಯಜಮಾನರು ಆ ಹಂಗಾಮಿಡೀ ಕೆಲಸದ ಮಾತು ಬಿಟ್ಟು ನನ್ನೊಡನೆ ಇನ್ನೇನೂ ಆಡಲಿಲ್ಲ. ಕೆಲಸದಿಂದಲೂ ತೆಗೆಯಲಿಲ್ಲ.

ಕಡಲೆಕಾಯಿ ಗಿಡ ಹೂ ಬಿಡುವ ಹೊತ್ತಿಗೆ, ಡಬ್ಬಿ ಮಾರಿದ ಊರುಗಳನ್ನು ನೋಡಿ ಬರಲು ಅಣ್ಣನ ಜೊತೆ ಹೋದೆ. ಹೊಳಲ್ಕೆರೆಯ ಆಚೆ ಒಂದು ಹಳ್ಳಿ, ನಾನು ಹಿಂದೆಂದೂ ಹೋಗಿರದ ಮನೆ. ಒಲೆಯ ಗೂಡು ನೋಡಿದೆ, ಹಿಟ್ಟಿನ ಡಬ್ಬದ ಮೇಲೆ ನೋಡಿದೆ, ಎಲ್ಲೂ ಇರಲಿಲ್ಲ. ಹಿತ್ತಲ ಕೊಟ್ಟಿಗೆಯ ತೊಲೆಗೆ ಹಗ್ಗದಿಂದ ಬಿಗಿದು ನೇತುಹಾಕಿದ್ದರು. ಮಕ್ಕಳ ಕೈಗೆ ಎಟುಕದಷ್ಟು ಮೇಲೆ. ತಳ ನೋಡುವುದು ಅಭ್ಯಾಸವಾಗಿಬಿಟ್ಟಿತ್ತಲ್ಲ, ತುದಿಗಾಲಲ್ಲಿ ನಿಂತು ಕೈ ಚಾಚಿದೆ.

ಹಿಂದಿನಿಂದ ಮನೆಯೊಡತಿ ಬಂದು ನನ್ನ ಮುಂಗೈ ಹಿಡಿದು ಕೆಳಗಿಳಿಸಿದಳು.

"ಮುಟ್ಟಬ್ಯಾಡ್ರಿ. ನಿಮಗೆ ಗೊತ್ತಿಲ್ಲ, ಅದು ಚೇಳಿನ ಡಬ್ಬಿ."

ಅವಳು ಬಚ್ಚಲ ಕಡೆ ಕೈ ತೋರಿಸಿದಳು. "ಹೋಗಿ ಕೈ ತೊಳ್ಕಂಡು ಬರ್ರಿ. ಆಮೇಲೆ ಕಾಫಿ ಕೊಡ್ತೀನಿ."

ನಾನು ಹೋಗಿ ತೊಳೆದುಕೊಂಡು ಬಂದೆ.